ಪಹಣಿ ಇಲ್ಲದವನ ಜಾಮೀನು



ಕಮಲಾಪುರ ಕಡೆಯ ಹೊಲವಿಲ್ಲದ ಕೂಲಿಕಾರ ಕಳ್ಳತನದ ಆರೋಪದ ಮೇಲೆ ಕಲಬುರಗಿ ಕೇಂದ್ರ ಕಾರಾಗೃಹ ಸೇರಿದರೆ, ಕೋರ್ಟು ಜಾಮೀನು ಕೊಟ್ಟರೂ ಅವನಿಗಾಗಿ ಪಹಣಿ ಹಿಡಿದು ನಿಲ್ಲುವವರು ಯಾರು?

2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ ಇಂಥವನ ಪರವಾಗಿದೆ. ಬೇರೆ ಕೇಸುಗಳಿಲ್ಲದ, ಮೊದಲ ಬಾರಿಯ ಆರೋಪಿ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ಜೈಲಿನಲ್ಲಿ ಕಳೆದಿದ್ದರೆ, ಜಾಮೀನುದಾರರಿಲ್ಲದೆ ಬರೀ ಮುಚ್ಚಳಿಕೆಯ ಮೇಲೆ ಬಿಡಬೇಕು. ಮರಣದಂಡನೆ, ಜೀವಾವಧಿ ಶಿಕ್ಷೆಯ ಪ್ರಕರಣಗಳಿಗೆ ಇದು ಇಲ್ಲ. ಅರ್ಜಿ ಹಾಕುವ ಹೊಣೆ ಜೈಲು ಅಧೀಕ್ಷಕರದೇ. ಹಳೆಯ ಪ್ರಕರಣಗಳಿಗೂ ಇದು ಅನ್ವಯವೆಂದು ಸುಪ್ರೀಂ ಕೋರ್ಟ್ ಅದೇ ಆಗಸ್ಟ್‌ನಲ್ಲಿ ಹೇಳಿತು.

ಮೂರು ವರ್ಷದ ಶಿಕ್ಷೆಯ ಕಳ್ಳತನಕ್ಕೆ ಇದು ಒಂದು ವರ್ಷ. ಅದೂ ನನಗೆ ಹೆಚ್ಚೇ ಅನಿಸುತ್ತದೆ. ಅಷ್ಟರಲ್ಲಿ ಮನೆಯ ಕಾಯಕ ನಿಂತಿರುತ್ತದೆ. ದಾಸೋಹಕ್ಕೆ ಅಕ್ಕಿ ಕೊಡುವ ನಾವು ಒಂದು ಪಹಣಿಗೆ ಹಿಂಜರಿಯುವುದೇಕೆ? ಮುಂದಿನ ಶಿವಾನುಭವ ಗೋಷ್ಠಿಯಲ್ಲಿ ಜಾಮೀನಿಗೆ ನಿಲ್ಲುವವರ ಹೆಸರು ಬರೆದುಕೊಳ್ಳೋಣ. ನನ್ನ ಹೆಸರು ಮೊದಲು ಇರಲಿ.