ಮೊದಲು ಬರೀರಿ, ಬ್ಯಾಕ್‌ಸ್ಪೇಸ್ ಆಮೇಲೆ

ಹೋದ ಸಂಚಿಕೆಯಲ್ಲಿ ನಾವೊಂದು ತಪ್ಪು ಮಾಡಿದ್ವಿ. ಬ್ಯಾಡಗಿಯ ಜೂನಿಯರ್ ಒಬ್ಬ ತನ್ನ ಅವ್ವನ ಬಗ್ಗೆ ಬರೆದು ಕಳಿಸಿದ್ದ. ಅವರು ಮೆಣಸಿನಕಾಯಿ ತೊಟ್ಟು ಬಿಡಿಸೋ ಕೆಲಸಕ್ಕೆ ಹೋಗ್ತಾರೆ. ಅದರಲ್ಲೊಂದು ಸಾಲು: “ಕೈ ಉರಿಯಾಕತ್ತಾವು ಅಂತ ನಮ್ಮವ್ವ ಅವತ್ತು ರೊಟ್ಟಿ ಬಡೀಲಿಲ್ಲ.” ತಿದ್ದೋಕೆ ಕೂತ ನಾವು ಅದನ್ನ “ಕೈಗಳ ಉರಿಯ ಕಾರಣದಿಂದ ನನ್ನ ತಾಯಿಯವರು ಅಂದು ರೊಟ್ಟಿಯನ್ನು ತಯಾರಿಸಲಿಲ್ಲ” ಅಂತ ಮಾಡಿದ್ವಿ. ವ್ಯಾಕರಣ ಸರಿ ಆಯ್ತು. ಓದಿದ್ರೆ ಮಾತ್ರ ಯಾವುದೋ ಆಫೀಸಿಗೆ ಕೊಟ್ಟ ರಜಾ ಅರ್ಜಿ ಥರ ಇತ್ತು. ಅವನು “ಚಲೋ ಆಗೇತ್ರಿ ಅಣ್ಣಾ” ಅಂದ. ಆಮೇಲೆ ಏನೂ ಬರೆದು ಕಳಿಸಿಲ್ಲ. (ಇದನ್ನ ಅವನನ್ನ ಕೇಳೇ ಬರೀತಿದೀವಿ.)

ಯಾಕೆ ಹಾಗೆ ಮಾಡಿದ್ವಿ? ನಮಗೆ ನಾವೂ ದಿನಾ ಅದನ್ನೇ ಮಾಡ್ಕೊಳ್ತೀವಿ, ಅದಕ್ಕೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ನಮ್ಮಲ್ಲಿ ಹೆಚ್ಚಿನವರು ಇಂಗ್ಲಿಷ್ ಮೀಡಿಯಂ. ಕನ್ನಡ ಅಂದ್ರೆ ಒಂದು ಸಬ್ಜೆಕ್ಟ್, ಅದರಾಗ ಮನಿ ಮಾತು ಬರೆದ್ರೆ ಮಾರ್ಕ್ಸ್ ಕಟ್. ಹಾಗಾಗಿ ಈಗಲೂ ಬರೆಯೋಕೆ ಕೂತ್ರೆ “ಹೊಂಟೇನಿ” ಅಂತ ಬಂದದ್ದನ್ನ ಅಳಿಸಿ “ಹೊರಟಿದ್ದೇನೆ” ಮಾಡ್ತೀವಿ. ಮತ್ತೆ ಇದು ಇಂಗ್ಲಿಷಿಂದ ಎತ್ತಿ ಇಟ್ಟಂಗ ಕಾಣ್ತದೇನೋ ಅಂತ ಅನುಮಾನ. ಮೂರನೇ ಬ್ಯಾಕ್‌ಸ್ಪೇಸಿಗೆ ಏನು ಹೇಳೋಕೆ ಹೊರಟಿದ್ವಿ ಅನ್ನೋದೇ ಮರೆತು ಹೋಗಿರ್ತದೆ.

ಪೀಟರ್ ಎಲ್ಬೋ ಅನ್ನೋ ಅಮೆರಿಕದ ಮೇಷ್ಟ್ರು 1973ರಲ್ಲಿ ‘ರೈಟಿಂಗ್ ವಿದೌಟ್ ಟೀಚರ್ಸ್’ ಅಂತ ಪುಸ್ತಕ ಬರೆದ್ರು. ಹತ್ತು ನಿಮಿಷ ಪೆನ್ನು ಎತ್ತದೆ ಬರೀರಿ, ಹಿಂದೆ ತಿರುಗಿ ನೋಡಬೇಡಿ, ಏನೂ ತೋಚದಿದ್ರೆ ತೋಚ್ತಿಲ್ಲ ಅಂತಾನೇ ಬರೀರಿ ಅನ್ನೋದು ಅವರ ಅಭ್ಯಾಸ. ತಿದ್ದೋದು ತಪ್ಪಲ್ಲ, ಬರೆಯೋ ಹೊತ್ತಿಗೇ ತಿದ್ದೋದು ತೊಂದರೆ ಅನ್ನೋದು ಅವರ ವಾದ. ನಾವೇನು ಪ್ರೋಗ್ರಾಂ ಬರೆಯುವಾಗ ಅಕ್ಷರ ಅಕ್ಷರಕ್ಕೂ ಕಂಪೈಲ್ ಮಾಡ್ತೀವಾ?

ಕಳೆದ ತಿಂಗಳು ಏಳು ಜನ ಕೂತು ಇದನ್ನ ಮಾಡಿ ನೋಡಿದ್ವಿ. ನಿಜ ಹೇಳಬೇಕಂದ್ರೆ ಮುಕ್ಕಾಲು ಭಾಗ ಕಸ. ಅಟೆಂಡೆನ್ಸ್ ಶಾರ್ಟೇಜ್, ಕ್ಯಾಂಟೀನ್ ಚಹಾ, “ಏನ್ ಬರೀಬೇಕೋ ತಿಳಿವಲ್ದು” ಅಂತ ನಾಲ್ಕು ಸಾಲು. ಆದರೆ ರಾಣೆಬೆನ್ನೂರಿನ ಗೆಳೆಯನ ಹಾಳೆಯ ಕೊನೆಗೆ ಇದಿತ್ತು: “ಬೀಜದ ಪಾಕೀಟ್ ಮ್ಯಾಲಿನ ಇಂಗ್ಲಿಷ್ ಅಜ್ಜ ನನ್ ಕಡಿಂದನ ಓದಸ್ತಾನ. ನಾ ತಪ್ಪ್ ಓದಿದ್ರ ಅವಂಗ ಗೊತ್ತಾಗಂಗಿಲ್ಲ. ಅದಕ್ಕ ಅಂಜಿಕಿ ಬರತೈತಿ.” ಎರಡು ವರ್ಷದಿಂದ ಅವನು ಕ್ಲಬ್ಬಿಗೆ ಬರೆದ ಎಲ್ಲ ರಾಜ್ಯೋತ್ಸವ ಭಾಷಣಗಳಲ್ಲಿ ಇಂಥದ್ದೊಂದು ಸಾಲು ನಾವು ನೋಡಿರಲಿಲ್ಲ.

ಮನಿ ಮಾತು ಸಾಹಿತ್ಯಕ್ಕೆ ಸಾಲಲ್ಲ ಅನ್ನೋದಾದ್ರೆ ನಮ್ಮ ಜಿಲ್ಲೆಯವರೇ ಆದ ಶಿಶುನಾಳ ಶರೀಫರನ್ನ ಏನು ಮಾಡೋದು? ಅವರ ತತ್ವಪದಗಳ ತುಂಬ ಮನಿ, ಓಣಿಯ ಮಾತೇ ಇದೆ. 2023ರ ಜನವರಿಯಲ್ಲಿ 86ನೇ ಸಾಹಿತ್ಯ ಸಮ್ಮೇಳನ ಹಾವೇರಿಯಲ್ಲೇ ಆಯ್ತಲ್ಲ, ಅಲ್ಲೂ ವೇದಿಕೆಯ ಕನ್ನಡ ಒಂದು, ಊಟದ ಸಾಲಿನ ಕನ್ನಡ ಇನ್ನೊಂದು. ನಮಗಂತೂ ಊಟದ ಸಾಲಿನದೇ ಹೆಚ್ಚು ನೆನಪಿದೆ.

ಹಾಗಂತ ಬರೆದದ್ದೆಲ್ಲ ಹಾಗೇ ಹಾಕಬೇಕು ಅಂತಲ್ಲ. ಬ್ಯಾಡಗಿ ಕಾಯಿಯ ತೊಟ್ಟೂ ಬಿಡಿಸಲೇಬೇಕು, ಆದರೆ ಒಣಗಿದ ಮೇಲೆ. ನಮ್ಮ ಅಕಾರ-ಹಕಾರ, ಒತ್ತಕ್ಷರದ ತಪ್ಪು ಬೇಕಾದಷ್ಟಿವೆ, ಅವನ್ನ ತಿದ್ದೋಣ. ಶಬ್ದ ಬದಲಿಸಬೇಕಾದ್ರೆ ಮಾತ್ರ ಬರೆದವರನ್ನ ಕೇಳಿಯೇ ಬದಲಿಸೋದು ಅಂತ ಸಂಪಾದಕ ತಂಡದಲ್ಲಿ ಈಗ ಮಾತಾಗಿದೆ.

ಆ ಜೂನಿಯರ್ ಕಳಿಸಿದ ಮೊದಲ ಪ್ರತಿ ಕ್ಲಬ್ಬಿನ ಮೇಲ್‌ನಲ್ಲಿ ಇನ್ನೂ ಇದೆ. ಅದನ್ನ ಇದ್ದಂಗ ಹಾಕಲಾ ಅಂತ ಕೇಳಿದೀವಿ. “ಅವ್ವಗ ಒಮ್ಮೆ ಓದಿ ಹೇಳತೀನ್ರಿ, ಆಮ್ಯಾಲೆ ನೋಡೂಣು” ಅಂದಾನ.