ಪರದೆಯ ಮೇಲಿನ ಒತ್ತಕ್ಷರ

ಉಮರಗಾ, ನಿಲಂಗಾ, ಉದಗೀರ ಭಾಗದ ನಮ್ಮ ಮಕ್ಕಳಿಗೆ ಇಂದು ಮೊಬೈಲೂ ಒಂದು ಕನ್ನಡ ಶಾಲೆಯೇ ಆಗಿದೆ. ಕರ್ನಾಟಕದ ‘ಸಂವೇದ’ ಪಾಠಗಳು ಯೂಟ್ಯೂಬಿನಲ್ಲಿ ದೊರೆಯುತ್ತವೆ. ಆದರೆ ಡೇಟಾ ಉಳಿಸಲೆಂದು ಚಿತ್ರದ ಗುಣಮಟ್ಟವನ್ನು 144ಕ್ಕೆ ಇಳಿಸಿದರೆ ಹಲಗೆಯ ಮೇಲಿನ ಒತ್ತಕ್ಷರ, ದೀರ್ಘಗಳು ಮಸುಕಾಗುತ್ತವೆ; ಮಗು ತಪ್ಪನ್ನೇ ಕಲಿಯುತ್ತದೆ.

ಈ ಅಂಕಿಯು ಚಿತ್ರದಲ್ಲಿರುವ ಚುಕ್ಕೆಗಳ ಸಾಲುಗಳ ಎಣಿಕೆ. 360ರ ಚಿತ್ರಕ್ಕಿಂತ 1080ರಲ್ಲಿ ಒಂಬತ್ತು ಪಟ್ಟು ಚುಕ್ಕೆಗಳಿರುತ್ತವೆ. ಅಂಗೈಯಗಲದ ಪರದೆಗೆ ಅಷ್ಟು ಬೇಕಿಲ್ಲ. ಹಾಡು, ಭಾಷಣಗಳಿಗೆ 144 ಸಾಕು. ಕಥೆ ನೋಡಲು 360. ಬರಹ ಓದಬೇಕಾದಾಗ 480 ಅಥವಾ 720. ‘ಆಟೋ’ ಎಂದು ಬಿಟ್ಟರೆ ಸಂಪರ್ಕ ಕುಂದಿದೊಡನೆ ಅಕ್ಷರವೂ ಕುಂದುತ್ತದೆ. ಹಳ್ಳಿಯಲ್ಲಿ ಸಿಗ್ನಲ್ ದುರ್ಬಲವಿದ್ದರೆ, ಪೇಟೆಗೆ ಹೋದಾಗ ಪಾಠಗಳನ್ನು ಮೊಬೈಲಿನಲ್ಲಿ ಇಳಿಸಿಕೊಂಡು ಬರಬಹುದು.

ಪಾಲಕರೇ, ಉಳಿತಾಯವನ್ನು ಸಿನಿಮಾದಲ್ಲಿ ಮಾಡಿರಿ, ಅಕ್ಷರದಲ್ಲಿ ಬೇಡ.