ಉದ್ಯಮದ ಪಾಠವೂ ಪರೀಕ್ಷೆಯೂ

ಉದ್ಯೋಗವೆಂಬ ಶಬ್ದಕ್ಕೆ ಸಂಸ್ಕೃತದಲ್ಲಿ ಪ್ರಯತ್ನ, ಸನ್ನಾಹ ಎಂದು ಅರ್ಥ. ಮಹಾಭಾರತದ ಉದ್ಯೋಗಪರ್ವದಲ್ಲಿ ಯಾರೂ ಸಂಬಳದ ಚಾಕರಿಗೆ ಅರ್ಜಿ ಹಾಕುವುದಿಲ್ಲ. ಕನ್ನಡದಲ್ಲಿ ಆ ಶಬ್ದವು ಕಾಲಕ್ರಮದಲ್ಲಿ ನೌಕರಿಯೆಂಬ ಅರ್ಥಕ್ಕೆ ಇಳಿದುಬಂದಿತು. ಅದರ ಒಡಹುಟ್ಟಾದ ಉದ್ಯಮಶಬ್ದಕ್ಕೂ ಅದೇ ಗತಿಯೊದಗುವ ಲಕ್ಷಣಗಳು ಈಗ ತೋರುತ್ತಿವೆ. ಕಾಲೇಜುಗಳಲ್ಲಿ ಉದ್ಯಮಶೀಲತೆಯೆಂಬ ಪಾಠವಿಷಯವು ನೆಲೆಗೊಂಡು, ಮೂರು ಗಂಟೆಗಳ ಕಾಲ ಕಾಗದ ತುಂಬಿದವನಿಗೆ ಅದರಲ್ಲಿ ಪಾರಂಗತನೆಂಬ ಪ್ರಮಾಣಪತ್ರವು ದೊರೆಯುತ್ತಲಿದೆ. ಉದ್ಯಮಿಯ ಹತ್ತು ಗುಣಗಳನ್ನು ಬಾಯಿಪಾಠವೊಪ್ಪಿಸಿದವನಿಗೆ ಹತ್ತು ಅಂಕಗಳು. ಸಾಹಸಪ್ರವೃತ್ತಿಯೆಂಬ ಗುಣವನ್ನು ಪಕ್ಕದವನ ಕಾಗದ ನೋಡಿ ಬರೆದಿದ್ದರೂ ಅಂಕಕ್ಕೆ ಕೊರತೆಯಿಲ್ಲ. ಅದಕ್ಕೂ ತಕ್ಕಷ್ಟು ಸಾಹಸ ಬೇಕೆನ್ನಿ.

ಇದನ್ನು ಕಂಡು ಕೆಲವು ಹಿರಿಯರು, “ವ್ಯಾಪಾರಬುದ್ಧಿಯು ರಕ್ತದಲ್ಲಿ ಬರತಕ್ಕದ್ದು, ಅದನ್ನು ಕಲಿಸುವುದೇ ವ್ಯರ್ಥ” ಎನ್ನುವರು. ಈ ಪೂರ್ವಪಕ್ಷವು ಕೇಳುವುದಕ್ಕೆ ಹಿತವಾಗಿದ್ದರೂ ನಿಲ್ಲತಕ್ಕದ್ದಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್ಲೆಲೆಂಡ್ ಎಂಬವರು 1964ರಲ್ಲಿ ಆಂಧ್ರದ ಕಾಕಿನಾಡದ ವರ್ತಕರಿಗೆ ಸಾಧನಾಭಿಲಾಷೆಯ ಶಿಕ್ಷಣವನ್ನು ಕೊಡಿಸಿ ನೋಡಿದರು. ಶಿಕ್ಷಣ ಪಡೆದವರು ಪಡೆಯದವರಿಗಿಂತ ಮುಂದೆ ಹೆಚ್ಚು ಚಟುವಟಿಕೆಯಿಂದ ಕಾರ್ಯಗಳನ್ನು ಕೈಕೊಂಡರೆಂದು ತಿಳಿದುಬಂದಿತು. ಬುದ್ಧಿಯು ರಕ್ತದಲ್ಲಿಯೇ ಬರುವುದೆಂದರೆ, ಯಾರ ತಂದೆಗೆ ಅಂಗಡಿಯಿರಲಿಲ್ಲವೋ ಅವರ ಮಕ್ಕಳಿಗೆಲ್ಲ ಬಾಗಿಲು ಹಾಕಿದಂತೆಯೇ ಸರಿ. ನೇಕಾರನ, ಕೂಲಿಯವನ, ಗುಮಾಸ್ತೆಯ ಮಗನು ಕಾಲೇಜಿನ ಮೆಟ್ಟಿಲನ್ನು ಹತ್ತಿದ ಈ ಕಾಲದಲ್ಲಿ ಆ ಮಾತನ್ನಾಡುವುದು ಅನ್ಯಾಯವಾದುದು. ಆದುದರಿಂದ ಕಲಿಸಬೇಕೇ ಎಂಬುದು ಇಲ್ಲಿ ವಿವಾದವಲ್ಲ. ಕಲಿಸುವ ಬಗೆಯೇ ವಿವಾದ.

ಈ ವಿದ್ಯೆಗೆ ವಂಶಾವಳಿಯೇನೋ ದೊಡ್ಡದು. ಶುಂಪೀಟರ್ ಪಂಡಿತನು 1911ರಲ್ಲಿಯೇ ಜರ್ಮನ್ ಭಾಷೆಯಲ್ಲಿ ಉದ್ಯಮಿಯನ್ನು ಆರ್ಥಿಕಾಭಿವೃದ್ಧಿಯ ಸೂತ್ರಧಾರನೆಂದು ಪ್ರತಿಪಾದಿಸಿದನು. 1947ರಲ್ಲಿ ಹಾರ್ವರ್ಡಿನ ವಾಣಿಜ್ಯಶಾಲೆಯಲ್ಲಿ ಮೈಲ್ಸ್ ಮೇಸ್ ಎಂಬ ಉಪಾಧ್ಯಾಯರು ಹೊಸ ಉದ್ಯಮಗಳ ನಿರ್ವಹಣೆಯೆಂಬ ಪಾಠವನ್ನಾರಂಭಿಸಿದಾಗ 188 ಮಂದಿ ವಿದ್ಯಾರ್ಥಿಗಳು ಸೇರಿದರು. ಆಮೇಲೆ ಸಂಶೋಧನೆಯು ಬಹುದೂರ ನಡೆದಿದೆ. ಭಾರತೀಯ ಮೂಲದ ವಿದುಷಿ ಸರಸ್ ಸರಸ್ವತಿಯವರು ಅನುಭವಸ್ಥರಾದ 27 ಮಂದಿ ಉದ್ಯಮಿಗಳ ಮುಂದೆ ಒಂದು ಕಲ್ಪಿತ ವ್ಯಾಪಾರದ ಸಮಸ್ಯೆಯನ್ನಿಟ್ಟು, ಅವರು ಗಟ್ಟಿಯಾಗಿ ಆಲೋಚಿಸಿದ್ದನ್ನೆಲ್ಲ ಬರೆದುಕೊಂಡು, ಅದರಿಂದ ಹೊರಟ ಸಿದ್ಧಾಂತವನ್ನು 2001ರಲ್ಲಿ ಪ್ರಕಟಿಸಿದರು. ಅನುಭವಸ್ಥರು ಗುರಿಯನ್ನು ಮೊದಲು ನಿಶ್ಚಯಿಸಿ, ಐದು ವರ್ಷಗಳ ಲಾಭವನ್ನು ಗುಣಿಸಿಕೊಂಡು ಹೊರಡುವವರಲ್ಲ. ತಾನಾರು, ತನಗೇನು ಗೊತ್ತು, ತನ್ನನ್ನು ಬಲ್ಲವರಾರು ಎಂದು ಕೈಯಲ್ಲಿರುವುದನ್ನು ನೋಡಿಕೊಂಡು, ಕಳೆದುಕೊಂಡರೆ ತಾಳಿಕೊಳ್ಳಬಹುದಾದಷ್ಟನ್ನೇ ಪಣವಿಟ್ಟು ಹೊರಡುವವರೆಂಬುದೇ ಅದರ ಸಾರ.

ಆದರೆ ಪಾಠದ ಕೋಣೆಯಲ್ಲಿ ನಡೆಯುವುದೇನು? ಐದು ವರ್ಷಗಳ ಲಾಭದ ಪಟ್ಟಿಯನ್ನೊಳಗೊಂಡ ಯೋಜನಾವರದಿಯೇ ಸರ್ವಸ್ವ! ಅದನ್ನು ಗಿರಾಕಿಯೊಬ್ಬನೂ ಓದುವುದಿಲ್ಲ. ಕುರುಡನು ಕುಂಟನನ್ನು ಹೆಗಲ ಮೇಲೆ ಹೊತ್ತು ಇಬ್ಬರೂ ಊರು ಸೇರಿದರೆಂಬ ಅಂಧಪಂಗುನ್ಯಾಯವುಂಟಷ್ಟೆ. ಇಲ್ಲಿ ಸಂಶೋಧನೆಗೆ ಕಣ್ಣುಂಟು, ಬೋಧನೆಗೆ ಕಾಲುಂಟು. ಒಂದೇ ಕಟ್ಟಡದಲ್ಲಿ ವಾಸ. ಹೆಗಲು ಕೊಡುವವರೂ ಇಲ್ಲ, ಏರುವವರೂ ಇಲ್ಲ.

ಕೈಯಲ್ಲಿದ್ದುದರಿಂದ ಹೊರಡುವುದೆಂದರೇನೆಂದು ತಿಳಿಯಲು ಹೊರದೇಶದ ಪುಸ್ತಕವೇ ಬೇಕೆಂದಿಲ್ಲ. 1925ರಲ್ಲಿ ಉಡುಪಿಯಲ್ಲಿ ವ್ಯಾಪಾರಿಯಾದ ಉಪೇಂದ್ರ ಅನಂತ ಪೈ, ಎಂಜಿನಿಯರಾದ ವಾಮನ ಕುಡ್ವ, ವೈದ್ಯರಾದ ಟಿ. ಎಂ. ಎ. ಪೈ ಈ ಮೂವರು ಕೂಡಿ ಎಂಟು ಸಾವಿರ ರೂಪಾಯಿಗಳ ಮೂಲಧನದಿಂದ ಬ್ಯಾಂಕೊಂದನ್ನು ತೆರೆದರು. ಕೈಮಗ್ಗದ ಕಸುಬು ಕುಸಿದು ನೇಕಾರರು ಕಷ್ಟದಲ್ಲಿದ್ದುದೇ ಅದಕ್ಕೆ ಪ್ರೇರಣೆ. 1928ರಲ್ಲಿ ಪಿಗ್ಮಿ ಠೇವಣಿಯನ್ನೇರ್ಪಡಿಸಿ, ಮನೆಬಾಗಿಲಿಗೆ ಆಳನ್ನು ಕಳುಹಿಸಿ, ದಿನಕ್ಕೆ ಎರಡಾಣೆಯಷ್ಟು ಅಲ್ಪವನ್ನೂ ಕೂಡಿಹಾಕಿದರು. ಸಿಂಡಿಕೇಟ್ ಬ್ಯಾಂಕೆಂದು ಬೆಳೆದ ಆ ಸಂಸ್ಥೆಯು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ಎರಡಾಣೆಗಾಗಿ ದಿನದಿನವೂ ನಡೆಯುವ ಖರ್ಚು ಹೇಗೆ ಗಿಟ್ಟಿತೆಂಬ ಒಂದೇ ಪ್ರಶ್ನೆಯನ್ನು ಹಿಡಿದು ವಿದ್ಯಾರ್ಥಿಯು ಮೂರು ತಿಂಗಳು ದುಡಿಯಬಹುದು. ಗೆದ್ದವರ ಕಥೆಯೊಂದೇ ಸಾಲದು. ಪೇಟೆಯಲ್ಲಿ ಬೀಗ ಬಿದ್ದ ಅಂಗಡಿಗಳ ಲೆಕ್ಕವನ್ನೂ ಕೇಳಿ ಬರೆಯತಕ್ಕದ್ದು. ಗೆದ್ದವನ ಹತ್ತು ಗುಣಗಳೂ ಸೋತವನಲ್ಲಿದ್ದುವೇ ಎಂದು ನೋಡದೆ ಅವೇ ಗೆಲವಿಗೆ ಕಾರಣಗಳೆನ್ನುವುದು ತರ್ಕದ ಮೊದಲ ಪಾಠಕ್ಕೇ ವಿರುದ್ಧ.

“ವಿಶ್ವವಿದ್ಯಾಲಯವೇನು ಅಂಗಡಿಯಿಡಬೇಕೇ?” ಎಂದು ಅಧ್ಯಾಪಕರು ಕೇಳುವರು. ವೈದ್ಯವಿದ್ಯಾಲಯವು ಆಸ್ಪತ್ರೆಯನ್ನಿಟ್ಟುಕೊಂಡಿದೆ, ಕೃಷಿವಿದ್ಯಾಲಯವು ಹೊಲವನ್ನಿಟ್ಟುಕೊಂಡಿದೆ, ಅದರಿಂದ ಅವುಗಳ ಗೌರವಕ್ಕೆ ಕುಂದು ಬಂದಿಲ್ಲ. ನಾಡಿ ಹಿಡಿಯದವನನ್ನು ವೈದ್ಯನೆನ್ನಲು ಒಪ್ಪದ ಜನರು, ಒಂದು ಸರಕನ್ನೂ ಮಾರದವನಿಗೆ ಉದ್ಯಮದಲ್ಲಿ ಪ್ರಥಮದರ್ಜೆಯನ್ನು ಕೊಡಲು ಹೇಗೆ ಒಪ್ಪಿದರು?

ಉಜಿರೆಯಲ್ಲಿ 1982ರಲ್ಲಿ ಧರ್ಮಸ್ಥಳದ ಟ್ರಸ್ಟೂ ಸಿಂಡಿಕೇಟ್, ಕೆನರಾ ಬ್ಯಾಂಕುಗಳೂ ಸೇರಿ ಸ್ಥಾಪಿಸಿದ ರುಡ್‌ಸೆಟ್ ಸಂಸ್ಥೆಯು ಪದವಿಯನ್ನು ಕೊಡುವುದಿಲ್ಲ. ಹಳ್ಳಿಯ ಯುವಕಯುವತಿಯರಿಗೆ ಊಟವಸತಿಗಳೊಡನೆ ಕೆಲವು ವಾರಗಳ ಶಿಕ್ಷಣವನ್ನು ಉಚಿತವಾಗಿ ಕೊಟ್ಟು, ಬಳಿಕ ಅವರು ಸ್ವಂತ ಕಸುಬಿನಲ್ಲಿ ನೆಲೆಗೊಂಡರೋ ಇಲ್ಲವೋ ಎಂಬುದನ್ನು ವಿಚಾರಿಸಿ, ಅದನ್ನೇ ತನ್ನ ಫಲಿತಾಂಶವೆಂದು ಎಣಿಸುತ್ತದೆ. ಪದವಿ ಕೊಡುವ ವಿದ್ಯಾಲಯಗಳು ಇಷ್ಟನ್ನಾದರೂ ಅನುಕರಿಸಲಿ. ಪ್ರಶ್ನಪತ್ರಿಕೆಗೆ ಅರ್ಧ ಅಂಕಗಳು ಸಾಕು. ಉಳಿದರ್ಧವನ್ನು ವಿದ್ಯಾರ್ಥಿಯು ತನ್ನ ಕೈಯಾರೆ ಕೊಂಡು ಮಾರಿದ್ದರ ಲೆಕ್ಕದ ಪುಸ್ತಕಕ್ಕೆ ಕೊಡಲಿ, ನಷ್ಟವಾಗಿದ್ದರೂ ಲೆಕ್ಕ ಸರಿಯಿದ್ದರೆ ಪೂರ್ತಿ ಕೊಡಲಿ. ಪರೀಕ್ಷಕರಲ್ಲಿ ಒಬ್ಬನಾದರೂ ಪೇಟೆಯವನಿರಲಿ. ಇದಕ್ಕೆ ಒಪ್ಪದ ವಿಶ್ವವಿದ್ಯಾಲಯವು ಈ ವಿಷಯವನ್ನು ಅರ್ಥಶಾಸ್ತ್ರದ ಚರಿತ್ರೆಯೆಂಬ ಹೆಸರಿನಿಂದಲೇ ಬೋಧಿಸಿ, ಉದ್ಯಮಶಬ್ದವನ್ನು ಪ್ರಮಾಣಪತ್ರದಿಂದ ತೆಗೆದುಹಾಕಲಿ.